ಐದನೇ ಪೋರ್ಟಿನ ಚೀಟಿ

ಜೆ.ಪಿ. ನಗರದ ಆ ಟ್ರಾವೆಲ್ಸ್ ಆಫೀಸಿಗೆ ನಾನು ಹೋದದ್ದು, ಇಂಟರ್ನೆಟ್ ಲೈನನ್ನು ಯಾರು ತಿಂದುಹಾಕುತ್ತಿದ್ದಾರೆ ಅಂತ ಹಿಡಿಯೋಕೆ. ಎಲ್ಲರ ಕಂಪ್ಯೂಟರ್ ವೈರೂ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿ, ವೈರ್ ಚುಚ್ಚುವ ಒಂದೊಂದು ಪೋರ್ಟಿನ ಮೇಲೂ ಒಬ್ಬೊಬ್ಬರ ಹೆಸರಿನ ಚೀಟಿ ಅಂಟಿಸಿದ್ದರು. ಎಲ್ಲಾ ಪೋರ್ಟಿಗೂ ಎಷ್ಟು ಡೇಟಾ ಹರಿಯುತ್ತಿದೆ ಅಂತ ಅಳೆಯುವ ಸೆಟ್ಟಿಂಗ್ ಹಾಕಿ ಕೂತೆ. ಬೆನ್ನ ಹಿಂದೆ ಓನರ್ ಶತಪಥ ತುಳಿಯುತ್ತಿದ್ದರು. "ಸಿಕ್ತಾ ಸಾರ್? ಯಾರು?" ಅಂತ ನಿಮಿಷಕ್ಕೊಂದು ಸಲ ಕೇಳೋರು. ನನಗೆ ಕೈಯೇ ಓಡುತ್ತಿರಲಿಲ್ಲ.

ಐದನೇ ಪೋರ್ಟಿನ ಗ್ರಾಫ್ ಬೆಟ್ಟದ ಹಾಗೆ ಎದ್ದಿತು. ಕಿರಿಕಿರಿ ತಡೆಯಲಾರದೆ ಅದರ ಚೀಟಿ ಗಟ್ಟಿಯಾಗಿ ಓದಿಬಿಟ್ಟೆ: "ರೇಣುಕಾ."

ಓನರ್ ರಿಸೆಪ್ಷನ್‌ಗೆ ನುಗ್ಗಿದರು. "ನಾಳೆಯಿಂದ ಬರ್ಬೇಡಮ್ಮ!"

ರೇಣುಕಾ ಹುಬ್ಬಳ್ಳಿ ಕಡೆಯ ಹುಡುಗಿ, ಅಳಲಿಲ್ಲ. "ನನ್ನ ಕಂಪ್ಯೂಟರ್ ಮುಂಜಾನಿಂದ ಬಂದ್ ಐತ್ರಿ ಸರ. ಮೊನ್ನೆ ಆಯುಧಪೂಜಿಗೆ ಎಲ್ಲಾ ವೈರ್ ಕಿತ್ತು, ಒರೆಸಿ, ಕುಂಕುಮ ಹಚ್ಚಿ, ಸಿಕ್ಕಸಿಕ್ಕಲ್ಲೆ ಚುಚ್ಚೇವ್ರಿ," ಅಂದಳು.

ಚೀಟಿ ನಂಬಿ ಹೆಸರು ಹೇಳಿದ್ದು ನನ್ನದೇ ತಪ್ಪು. ಐದನೇ ವೈರ್ ಹಿಡಿದು ಗೋಡೆಗುಂಟ ಹೊರಟೆ. ಅದು ಓನರ್ ಕ್ಯಾಬಿನ್ನಿನ ಬಾಗಿಲಡಿ ನುಸುಳಿ ಒಳಗೆ ಹೋಗಿತ್ತು.

ಓನರ್ ಬಾಗಿಲಿಗೆ ಅಡ್ಡ ನಿಂತು, "ಪೂಜೆ ಆಗಿರೋ ವೈರು ಸಾರ್, ಮುಟ್ಬೇಡಿ," ಅಂದರು.

ಮುಟ್ಟಲಿಲ್ಲ. ಚೀಟಿ ಮಾತ್ರ ಕಿತ್ತು ರೇಣುಕಾ ಕೈಗೆ ಕೊಟ್ಟೆ. ಹೊಸದನ್ನು ಅವಳೇ ಬರೆದಳು, ದಪ್ಪ ಅಕ್ಷರದಲ್ಲಿ: "ಓನರ್."