ಚೌಕದ ಹೊರಗಿನ ಹುಡೇವು

ಅಟ್ಟದಿಂದ ಇಳಿಸಿದ ಬೂಟಿನ ಡಬ್ಬಿಯ ಮುಚ್ಚಳ ತೆಗೆದಾಗ ಗೋಂದು, ಹಳೆ ರಟ್ಟು, ಹುಳು ತಿಂದ ಹುಣಸೆಬೀಜದ ಪುಡಿ, ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಮೊದಲು ಸೀನು ಬಂತು, ಆಮೇಲೆ ಮಾಸ್ತರರು ನೆನಪಾದರು...

ತೊಂಬತ್ತರ ದಶಕದ ಕೊನೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಧಾರವಾಡದಿಂದ ಮುದ್ದೇಬಿಹಾಳದ ಮನೆಗೆ ಮರಳಿದ್ದೆ. ಕೆಲಸ ಇರಲಿಲ್ಲ. ಹೊತ್ತು ಹೋಗದೆ, ಮಧ್ಯಯುಗದ ರಾಜರು ಯುದ್ಧ ಮಾಡುವ ಒಂದು ಆಟ ಕಟ್ಟುತ್ತಿದ್ದೆ. ಮಡಚುವ ರಟ್ಟಿನ ಮೇಲೆ ಚೌಕಗಳು, ನಡುವೆ ನೀಲಿ ನದಿ. ಕೋಟೆಗಳಿಗೆ ಸೀಮೆಸುಣ್ಣದ ತುಂಡು, ಹಳ್ಳಿಗಳಿಗೆ ಹುಣಸೆಬೀಜ.

"ಎಂ.ಎ. ಮಾಡಿ ಬಂದು ಹುಣಚಿಬೀಜ ಆಡಾಕತ್ತಾನ ನೋಡ್ರಿ," ಎಂದು ಅವ್ವ ಎದುರುಮನೆಗೆ ಕೇಳುವಂತೆ ಹೇಳುತ್ತಿದ್ದಳು. ಎದುರುಮನೆಯಲ್ಲಿ ಬಾಡಿಗೆಗಿದ್ದವರು ಶಾಲೆಯ ಡ್ರಾಯಿಂಗ್ ಮಾಸ್ತರರು. ಅವರು ನಗದೆ ಬಂದು ಕುಳಿತರು.

ಅವರ ಊರು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಊರುಗಳ ಪಟ್ಟಿಯಲ್ಲಿ ಅದೂ ಇತ್ತು. ಅದನ್ನು ಮೊದಲ ದಿನ ಅವರು ಹೇಳಲಿಲ್ಲ. ನನ್ನ ರಟ್ಟು ನೋಡಿ, "ಏನೋ ತಮ್ಮಾ, ಕ್ವಾಟಿಗೆ ನಾಕು ನಮೂನಿ ಮಾಡೀದಿ. ಹಳ್ಳಿ ಎಲ್ಲಾ ಒಂದ ನಮೂನಿ ಇರ್ತಾವೇನು?" ಎಂದರು.

ಅಂದಿನಿಂದ ಸಂಜೆ ಸಂಜೆ ಕುಳಿತು ಸಣ್ಣ ಊರುಗಳನ್ನು ಬೇರೆ ಬೇರೆ ಮಾಡಿದೆವು. ಸಂತೆಯ ಊರಿನಲ್ಲಿ ಯಾವ ರಾಜನ ದಂಡಿಗೂ ಕಾಳು ಸಿಗಬೇಕು. ಹರಿಗೋಲಿನ ಊರನ್ನು ಹಿಡಿಯದೆ ನದಿ ದಾಟುವಂತಿಲ್ಲ. ಕುರಿಹಟ್ಟಿ ಪ್ರತಿ ಸರದಿಗೆ ಒಂದು ಚೌಕ ಸರಿಯುತ್ತದೆ. ಹುಡೇವಿನ ಊರಿನ ನಡುವೆ ಹುಡೇವು, ಅಂದರೆ ಕಲ್ಲಿನ ದುಂಡು ಕಾವಲು ಗೋಪುರ. ಅದಕ್ಕಾಗಿ ದಂಡು ಒಂದು ಸರದಿ ಹೊರಗೇ ನಿಲ್ಲಬೇಕು. ಈ ಕೊನೆಯದು ಅವರೂರು. ಅದರ ಬೀಜಕ್ಕೆ ಅವರೇ ಕೆಂಪು ಬಣ್ಣ ಹಚ್ಚಿದರು.

ಆಟದಲ್ಲಿ ಆ ಊರು ಒಂದು ಸರದಿ ತಡೆದು ಮುಂದಿನದಕ್ಕೆ ಬಿದ್ದುಬಿಡುತ್ತಿತ್ತು. ಸೋತ ಹಳ್ಳಿಯ ಬೀಜ ಡಬ್ಬಿಗೆ. ಅದು ನನ್ನ ನಿಯಮ. ಒಂದು ಸಂಜೆ ಮಾಸ್ತರರು ಬೀಜವನ್ನು ಡಬ್ಬಿಗೆ ಹಾಕದೆ ಹಿಡಿದುಕೊಂಡರು.

"ಇದನ್ನ ಖಾಲಿ ಚೌಕಕ್ಕ ಇಡೂಣೇನು? ಕುರಿಹಟ್ಟಿ ನಡೀತೈತಿ. ನಮ್ಮೂರೂ ನಡೀಲಿ."

"ಊರು ನಡಿಯೂದಿಲ್ರಿ ಸರ್," ಎಂದೆ. "ಹಂಗಾದ್ರ ಆಟ ಮುಗಿಯೂದ ಇಲ್ಲ."

"ಮುಗೀಲಿಲ್ಲಂದ್ರ ಏನಾತು? ಯಾವ ಆಫೀಸಿಗೆ ಹೊತ್ತಾತೋ ನಿನಗ?"

ನಗುತ್ತಲೇ ಕೇಳಿದರು. ಮುಷ್ಟಿ ಮಾತ್ರ ಬಿಗಿದೇ ಇತ್ತು.

ನಿಡಗುಂದಿಯಲ್ಲಿ ಬಸ್ಸಿಳಿದು ಅವರ ಜೊತೆ ಆ ಊರಿಗೆ ಹೋಗಿದ್ದೆನೆಂದು ನೆನಪು. ಜನ ತಮ್ಮ ಮನೆಗಳ ಬಾಗಿಲು, ತೊಲೆಗಳನ್ನು ತಾವೇ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಮಾಸ್ತರರು ಹುಡೇವಿಗೆ ಅಂಗೈ ಹಚ್ಚಿ, "ಇದನ್ನ ಹೆಂಗ ಒಯ್ಯೂದೋ ತಮ್ಮಾ?" ಎಂದರು. ನಿಜವಾಗಿ ಹೋಗಿದ್ದೆನೋ, ಅವರು ಹೇಳಿದ್ದನ್ನೇ ಕಂಡಂತೆ ಇಟ್ಟುಕೊಂಡಿದ್ದೇನೋ... ಆಣೆ ಮಾಡಿ ಹೇಳಲಾರೆ.

ಆ ಮಳೆಗಾಲದಲ್ಲಿ ಊರಿಗೆ ಹಿನ್ನೀರು ಬಂತು. ಮಾಸ್ತರರಿಗೆ ಸಿಂದಗಿಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ, ಅವರು ತೀರಿಕೊಂಡರೆಂದು ಇಂಡಿಗೆ ಹೋಗುವ ಬಸ್ಸಿನಲ್ಲಿ ಯಾರೋ ಹೇಳಿದರು.

ಒಂದು ಸಂಗತಿಯಲ್ಲಿ ಮಾತ್ರ ನನಗೆ ಸಂಶಯವಿರಲಿಲ್ಲ. ಅವರು ಹೋಗುವ ಮುನ್ನ ನಿಯಮ ತಿದ್ದಿದ್ದೆ. ಸೋತ ಊರು ನಡೆಯಬಹುದು ಎಂದು ಬರೆದು ಅವರಿಗೆ ತೋರಿಸಿದ್ದೆ. ಎಷ್ಟೋ ಜನರಿಗೆ ಇದನ್ನು ಹೇಳಿಕೊಂಡಿದ್ದೇನೆ.

ನಿಯಮದ ಹಾಳೆ ಡಬ್ಬಿಯಲ್ಲೇ ಇದೆ. ನನ್ನದೇ ಅಕ್ಷರ: ಸೋತ ಹಳ್ಳಿಯ ಬೀಜವನ್ನು ಡಬ್ಬಿಗೆ ಹಾಕತಕ್ಕದ್ದು. ಎಲ್ಲೂ ತಿದ್ದಿಲ್ಲ. ಹಾಳೆ ತಿರುವಿದೆ. ಬೆಳಕಿಗೆ ಹಿಡಿದೆ...

ರಟ್ಟು ಬಿಡಿಸಿದರೆ, ಚೌಕಗಳೆಲ್ಲ ಮುಗಿದ ಮೇಲೆ ಅಂಚಿನಲ್ಲಿ, ಹೆಬ್ಬೆರಳಿನಷ್ಟು ಒಂದು ಹುಡೇವು. ಪೆನ್ಸಿಲ್ಲಿನದು. ನನ್ನ ಕೈಯಿಂದ ಅಂಥ ಚಿತ್ರ ಬರುವುದಿಲ್ಲ. ಮಾಸ್ತರರು ಯಾವಾಗ ಬರೆದರೋ, ನಾನು ನೋಡಿರಲಿಲ್ಲ. ಕೆಂಪು ಬೀಜ ಹುಡುಕಿ ಅದರ ಮೇಲೆ ಇಟ್ಟೆ. ಒಳಗೆ ಟೊಳ್ಳಾಗಿ ಹಗುರಾಗಿತ್ತು. ಪೆನ್ನನ್ನೂ ತೆಗೆದೆ. ನಿಯಮ ತಿದ್ದಿದರೆ ಯಾರಿಗೆ ತೋರಿಸುವುದು?

ಒಳಗಿನಿಂದ ಊಟಕ್ಕೆ ಕರೆದರು. ರಟ್ಟು ಮಡಚಬೇಕಾಯಿತು. ಬೀಜ ಮತ್ತೆ ಡಬ್ಬಿಗೇ ಬಿತ್ತು.