ಎಕ್ಸ್-ರೇ ಕೋಣೆಯ ಸೀಸ

೧೯೭೮ರಲ್ಲಿ ನಾನು ಹರಿಹರದ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಎಕ್ಸ್-ರೇ, ಆಪರೇಷನ್ ಎಂದರೆ ರೋಗಿಯನ್ನು ದಾವಣಗೆರೆಗೆ ಕಳಿಸಬೇಕಿತ್ತು. ಉಳಿದದ್ದೆಲ್ಲ ಒಂದು ಸ್ಟೆತಸ್ಕೋಪು, ಒಂದು ಮೈಕ್ರೋಸ್ಕೋಪು ಮತ್ತು ನನ್ನ ಬಾಯಿಜೋರಿನ ಮೇಲೆ ನಡೆಯುತ್ತಿತ್ತು. ಬೈಯದೆ ಔಷಧಿ ಕೊಡದ ಡಾಕ್ಟರು ಎಂದು ಊರಲ್ಲಿ ಹೆಸರಾಗಿದ್ದೆ.

ಆ ಬೇಸಿಗೆಯಲ್ಲಿ ಗಿರಿಜೆಯನ್ನು ಕರೆತಂದರು. ಜವಳಿ ವ್ಯಾಪಾರಿ ಶಿವಲಿಂಗಪ್ಪನವರ ಮಗಳು, ಐದು ವರ್ಷದವಳು. ಹೊಟ್ಟೆನೋವು, ವಾಂತಿ. ಜಂತುಹುಳು ಎಂದು ಒಬ್ಬರು, ಅಪೆಂಡಿಕ್ಸ್ ಎಂದು ಇನ್ನೊಬ್ಬರು ಹೇಳಿಯಾಗಿತ್ತು. ಮಗು ಬಿಳಿಚಿಕೊಂಡಿತ್ತು. ಬಾಯಿ ತೆರೆಸಿದರೆ ಹಲ್ಲು ವಸಡಿಗೆ ಸೇರುವಲ್ಲಿ ನೀಲಿಗಪ್ಪು ಗೆರೆ. ಪಠ್ಯಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ರಕ್ತದ ಹನಿಯನ್ನು ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ನೋಡಿದಾಗ ಕೆಂಪು ಕಣಗಳೊಳಗೆ ನೀಲಿ ಚುಕ್ಕಿಗಳಿದ್ದವು. ಸೀಸದ ವಿಷವೆಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅದಕ್ಕೆ ಬೇಕಾದ ಇಂಜೆಕ್ಷನ್ ನಮ್ಮಲ್ಲೂ ಇರಲಿಲ್ಲ, ದಾವಣಗೆರೆಯಲ್ಲೂ ಇರಲಿಲ್ಲ. ತರಲು ಬೆಂಗಳೂರಿಗೆ ಜನ ಹೊರಟರು.

ಆದರೆ ಜವಳಿ ವ್ಯಾಪಾರಿಯ ಮನೆಗೆ ಸೀಸ ಎಲ್ಲಿಂದ ಬರಬೇಕು? ಮಗುವನ್ನು ವಾರ್ಡಿನಲ್ಲಿ ಮಲಗಿಸಿ ಅವರ ಮನೆಗೇ ಹೋದೆ. ವಿಚಾರಿಸಿದರೆ ತಾಯಿಗೂ ಅಜ್ಜಿಗೂ ಹೊಟ್ಟೆನೋವಿತ್ತು, ಹೇಳಿಕೊಂಡಿರಲಿಲ್ಲ. ಎರಡು ಹೊತ್ತೂ ಅಂಗಡಿ ಪಕ್ಕದ ಖಾನಾವಳಿಯಲ್ಲಿ ಉಣ್ಣುವ ಶಿವಲಿಂಗಪ್ಪ ಮಾತ್ರ ಗಟ್ಟಿಮುಟ್ಟಾಗಿದ್ದರು. ಹಾಗಾಗಿ ಅಡುಗೆಮನೆಗೆ ನುಗ್ಗಿದೆ. ಒಲೆಯ ಮೇಲೆ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಕುದಿಯುತ್ತಿತ್ತು. ಪಾತ್ರೆಯೊಳಗೆ ಕಲಾಯಿ ಫಳಫಳ ಹೊಳೆಯುತ್ತಿತ್ತು.

"ಹೊಸಾ ಕಲಾಯಿ ಐತ್ರಿ. ನನ್ನ ಕಿರಿ ಮಗಳ ಮದುವಿಗಂತ ಎಲ್ಲಾ ಪಾತ್ರೆಗೂ ಹಾಕ್ಸಿದ್ವಿ," ಎಂದರು ಅಜ್ಜಿ.

ಹುಳಿಗೆ ಹಿತ್ತಾಳೆ ಕಿಲುಬು ಬಿಡದಿರಲೆಂದು ಪಾತ್ರೆಯ ಒಳಮೈಗೆ ತವರವನ್ನು ಕರಗಿಸಿ ಸವರುವುದೇ ಕಲಾಯಿ. ತವರ ದುಬಾರಿಯಾದ್ದರಿಂದ ಚೂರು ಸೀಸ ಬೆರೆಸುವ ರೂಢಿ ಕೆಲವರಲ್ಲಿತ್ತು. ಸೀಸ ಹೆಚ್ಚಾದರೆ ಹುಳಿ ಅದನ್ನು ಸಾರಿಗೆ ಇಳಿಸುತ್ತದೆ.

ಕಲಾಯಿ ಹಾಕಿದವರು ದಾವಣಗೆರೆಯ ರಸೂಲ್ ಸಾಬರು. ಅವರ ಜನ್ಮ ಜಾಲಾಡಬೇಕೆಂದೇ ಹೋದೆ. ಅಲ್ಲಿ ಅವರ ಹೆಂಡತಿ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದರು. ಮನೆಯ ಪಾತ್ರೆಗಳಿಗೂ ಅದೇ ಕಲಾಯಿ. ಬೈಯುವುದನ್ನು ಬಿಟ್ಟು, ತವರಕ್ಕೆ ಏನು ಬೆರೆಸಿದಿರಿ ಎಂದು ಕೇಳಿದೆ. ರಸೂಲ್ ಸಾಬರು ಒಳಗಿನಿಂದ ಒಂದು ಬೂದುಬಣ್ಣದ ತಗಡನ್ನು ತಂದಿಟ್ಟರು. ನಗರದ ಆಸ್ಪತ್ರೆಯೊಂದು ಹಳೆಯ ಎಕ್ಸ್-ರೇ ಯಂತ್ರವನ್ನು ಹರಾಜು ಹಾಕಿದಾಗ, ಕಿರಣ ಹೊರಬಾರದಂತೆ ಆ ಕೋಣೆಯ ಬಾಗಿಲಿಗೆ ಹೊಡೆದಿದ್ದ ಸೀಸದ ತಗಡೂ ಬಿಕರಿಯಾಗಿತ್ತು, ಅದನ್ನು ಅವರೇ ಕೊಂಡಿದ್ದರು. ತಗಡಿನಲ್ಲಿ ಕಿರಣವೇನೂ ಉಳಿದಿರಲಿಲ್ಲ, ಸೀಸವೇ ವಿಷ. ಮೊದಲೆಲ್ಲ ಚೂರೇ ಚೂರು ಬೆರೆಸುತ್ತಿದ್ದ ರಸೂಲ್ ಸಾಬರು ಇದನ್ನು ಧಾರಾಳವಾಗಿ ಬೆರೆಸಿದ್ದರು.

"ಬಜಾರ್ ಸೀಸದಾಗೆ ಹೊಲಸು ಇರ್ತೈತೆ ಸಾಹೇಬ್ರೇ. ಇದು ಆಸ್ಪತ್ರೆ ಮಾಲು, ಸಾಫ್ ಇರ್ತೈತೆ ಅಂತ ತಂದೆ. ಆಸ್ಪತ್ರೆಯವರು ವಿಷ ಮಾರ್ತಾರೇನ್ರಿ?"

ಆ ಕಲಾಯಿ ಇನ್ನಾವ ಮನೆಗಳಿಗೆ ಹೋಗಿದೆ ಎಂದು ಕೇಳಿದೆ.

ಅದು ಸುತ್ತಲಿನ ಬಾತಿ, ಕೊಂಡಜ್ಜಿ ಊರುಗಳ ಮನೆಗಳಿಗೂ ಹೋಗಿತ್ತು. ಮರುದಿನದಿಂದ ರಸೂಲ್ ಸಾಬರು ಸೈಕಲ್ ಹತ್ತಿ, ತಾವು ಕೆಲಸ ಮಾಡಿದ ಮನೆಗಳ ಬಾಗಿಲಿಗೆಲ್ಲ ಹೋಗಿ, ತಮ್ಮ ಕೈಯ ಕಲಾಯಿ ವಿಷವಾಗಿದೆ, ಪಾತ್ರೆ ಒಲೆಯ ಮೇಲೆ ಇಡಬೇಡಿ ಎಂದು ಹೇಳಿದರು. ಕೆಲವರು ಉಗಿದರು. ಆಮೇಲೆ ಆ ಊರುಗಳಲ್ಲಿ ಅವರಿಗೆ ಯಾರೂ ಕೆಲಸ ಕೊಡಲಿಲ್ಲ. ಆದರೆ ಅಲ್ಲಿಂದ ಇನ್ನೊಂದು ಮಗು ನನ್ನ ವಾರ್ಡಿಗೆ ಬರಲಿಲ್ಲ.

ಬೆಂಗಳೂರಿನಿಂದ ಇಂಜೆಕ್ಷನ್ ಬರುವ ಮುಂಚೆಯೇ ವಿಷ ಗಿರಿಜೆಯ ಮೆದುಳಿಗೇರಿ ಫಿಟ್ಸ್ ಶುರುವಾಯಿತು. ನಾನು ಮಂಚದ ಪಕ್ಕದಲ್ಲೇ ಇದ್ದೆ. ಉಳಿಸಿಕೊಳ್ಳಲಾಗಲಿಲ್ಲ. ಅಜ್ಜಿ ಅಳಲಿಲ್ಲ. "ನಮ್ ಕೈಯಾರೆ ಉಣ್ಸಿದ್ವಲ್ರಿ," ಎಂದರು, ಮತ್ತೆ ಮತ್ತೆ ಅದನ್ನೇ.

ತಗಡು ಮಾರಿದ ಆಸ್ಪತ್ರೆಗೂ ಹೋಗಿ ಜಗಳ ಆಡಿದೆ. ಹರಾಜು ಕಾಯಿದೆ ಪ್ರಕಾರವೇ ನಡೆದಿದೆ ಎಂದು ಉಗ್ರಾಣದ ಅಧಿಕಾರಿ ಕುರ್ಚಿ ಹಾಕಿಸಿ, ಚಹಾ ತರಿಸಿ ವಿವರಿಸಿದರು. "ಗೇಟ್ ದಾಟಿದ ಮೇಲೆ ಅದು ನಮ್ಮ ಸಾಮಾನಲ್ಲ ಸಾರ್." ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮುಂದೆ ನಾನೇ ಒಂದು ಆಸ್ಪತ್ರೆಯ ಮುಖ್ಯಸ್ಥನಾದೆ. ಹಳೆಯ ಯಂತ್ರ ಹೊರಹೋಗುವ ದಿನ ಬೇರೆಲ್ಲ ಕೆಲಸ ಬಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಪಾದರಸ, ಸೀಸ, ಯಂತ್ರದೊಳಗಿನ ಎಣ್ಣೆ ಯಾರ ಕೈ ಸೇರುತ್ತದೆ ಎಂದು ತಿಳಿಯದೆ ಬಿಡುತ್ತಿರಲಿಲ್ಲ. ಮುದುಕನಿಗೆ ಗುಜರಿ ಹುಚ್ಚು ಎಂದು ಸಿಬ್ಬಂದಿ ನಗುತ್ತಿದ್ದರು, ನಗಲಿ. ಕೊಳ್ಳುವವರನ್ನು ನಾನು ಕೇಳುತ್ತಿದ್ದದ್ದು ಒಂದೇ ಮಾತು: ಇದನ್ನು ಏನು ಮಾಡುತ್ತೀರಿ? ಆ ಹರಾಜಿನ ದಿನ ಯಾರಾದರೂ ಅಷ್ಟು ಕೇಳಿದ್ದರೆ ಸಾಕಿತ್ತು. ರಸೂಲ್ ಸಾಬರು ಸುಳ್ಳು ಹೇಳುವ ಮನುಷ್ಯರಲ್ಲ. ಕಲಾಯಿಗೆ ಎಂದೇ ಹೇಳುತ್ತಿದ್ದರು.