ಕೈತೊಳೆಯುವಲ್ಲಿನ ಬಾಗಿಲು

ಮದುವೆಗೆ ಬರುವ ನಮ್ಮ ಜನರ ಮೇಲೆ ನನಗೆ ಸಿಟ್ಟಿದೆ. ಒಂದೇ ಭಾನುವಾರದ ಮೂರು ಮದುವೆಗಳ ಆಮಂತ್ರಣದ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಬರುತ್ತಾರೆ. ಬದಿಯಡ್ಕದಲ್ಲಿ ಊಟ, ಮುಳ್ಳೇರಿಯದಲ್ಲಿ ಮುಖ ತೋರಿಸುವುದು, ಸಂಜೆಗೆ ಮತ್ತೊಂದು ಕಡೆ ಐಸ್‌ಕ್ರೀಮು. ಹಾಗಾಗಿ ಎಲ್ಲರಿಗೂ ಮೊದಲನೇ ಬ್ಯಾಚಿನಲ್ಲೇ ಊಟ ಆಗಬೇಕು. ಧಾರೆ ನಡೆಯುವಾಗ ಮಂಟಪದ ಎದುರು ಅರ್ಧಕ್ಕರ್ಧ ಕುರ್ಚಿ ಖಾಲಿ. ಕೆಳಗೆ ಊಟದ ಹಾಲಿನ ಶಟರಿನ ಎದುರು ಮಾತ್ರ ಕಾಲಿಡಲು ಜಾಗವಿಲ್ಲ. ಅಲ್ಲ ಸ್ವಾಮಿ, ಇವರು ಮನೆಯಲ್ಲಿ ಅನ್ನವನ್ನೇ ಕಾಣದವರಾ?

ಈ ನೂಕಾಟಕ್ಕೆ ನಾವು ಕಂಡುಕೊಂಡ ಉಪಾಯ ಶಟರು. ಒಂದು ಬ್ಯಾಚು ಕುಳಿತ ಕೂಡಲೇ ಶಟರನ್ನು ಸೊಂಟದವರೆಗೆ ಎಳೆದು, ಮನೆಯ ಇಬ್ಬರು ಗಟ್ಟಿ ಗಂಡಸರನ್ನು ಅಲ್ಲಿ ನಿಲ್ಲಿಸುವುದು. ಇಲ್ಲದಿದ್ದರೆ ಹೊರಗಿದ್ದವರು ಒಳನುಗ್ಗಿ ಉಣ್ಣುವವರ ಕುರ್ಚಿಯ ಹಿಂದೆ ನಿಂತುಬಿಡುತ್ತಾರೆ. ನಾವು ಪಾಯಸ ಸುರಿಯುವುದನ್ನು ನೋಡುತ್ತಾ, ಯಾವಾಗ ಏಳುತ್ತಾನಪ್ಪ ಈ ಮನುಷ್ಯ ಎಂದು ಕಾಯುತ್ತಾರೆ. ಒಳಗೆ ಕುರ್ಚಿ ಎಳೆದ ಸದ್ದು ಕೇಳಿದರೆ ಬ್ಯಾಚು ಎದ್ದಿತು ಎಂದು ಅರ್ಥ, ಆಗ ನುಗ್ಗಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ನಮ್ಮ ಕಡೆ ಹುಟ್ಟಿದ ಪ್ರತಿಯೊಬ್ಬನಿಗೂ ಗೊತ್ತು.

ಕಳೆದ ವರ್ಷ ಅಕ್ಕನ ಮಗಳ ಮದುವೆ ಬದಿಯಡ್ಕದ ಹತ್ತಿರದ ಒಂದು ಸಭಾಭವನದಲ್ಲಿ ಆಯಿತು. ನಾನು ಸೋದರಮಾವ. ಊಟದ ಹಾಲಿನ ಉಸ್ತುವಾರಿ ನನ್ನದು. ಮದುವೆಯ ಹಾಲ್ ಮೇಲೆ, ಊಟದ ಹಾಲ್ ಕೆಳಗೆ. ಎದುರಿಗೆ ಶಟರು, ಎಡಬದಿಗೆ ಅಡುಗೆ ಕೋಣೆ, ಹಿಂದಿನ ಬಲ ಮೂಲೆಯಲ್ಲಿ ಕೈತೊಳೆಯುವ ಜಾಗ. ಅಲ್ಲಿಂದ ಹಿತ್ತಿಲಿಗೆ ಒಂದು ಕಬ್ಬಿಣದ ಗ್ರಿಲ್ಸಿನ ಬಾಗಿಲು. ಅದರ ಹಿಂದಿನ ತಿಂಗಳು ಅದೇ ಹಾಲಿನ ಇನ್ನೊಂದು ಮದುವೆಯಲ್ಲಿ ಜನ ಆ ಹಿಂಬಾಗಿಲಿನಿಂದ ನುಗ್ಗಿ, ಮದುಮಗನ ತಂದೆಗೇ ಎಲೆ ಸಿಗದೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಮ್ಮ ಮದುವೆಯಲ್ಲಿ ಹಾಗೆ ಆಗಬಾರದು ಎಂದು ಮನೆಯಿಂದಲೇ ಒಂದು ದೊಡ್ಡ ಬೀಗ ತಂದಿದ್ದೆ. ಅಡಿಕೆ ಕೋಣೆಗೆ ಹಾಕುವ ಬೀಗ. ಅದನ್ನು ತಂದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ದೊಡ್ಡಮ್ಮ ಅಮ್ಮನ ಅಕ್ಕ. ನನಗೆ ಒಂಬತ್ತು ವರ್ಷವಾದಾಗ ಅಮ್ಮ ತೀರಿಕೊಂಡರು. ಆಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವರು ದೊಡ್ಡಮ್ಮ. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು, ಈಗ ಎಪ್ಪತ್ತೆಂಟು. ಮದುವೆ ಎಂದರೆ ಜೀವ. ಹೋದಲ್ಲೆಲ್ಲ ಹಳೆಯ ವಿದ್ಯಾರ್ಥಿಗಳು, ನರೆತ ತಲೆಯವರು, ಬಂದು ಕಾಲು ಮುಟ್ಟುತ್ತಿದ್ದರು. ದೊಡ್ಡಮ್ಮ ಅವರ ಮಗ್ಗಿಯ ಮಾರ್ಕು ನೆನಪು ಮಾಡಿ ಎಲ್ಲರ ಎದುರು ಮರ್ಯಾದೆ ತೆಗೆಯುತ್ತಿದ್ದರು. ಶುಗರ್ ಇರುವುದರಿಂದ ಊಟ ತಡವಾಗಬಾರದು. ಹಾಗಾಗಿ ನಾನು ಅವರನ್ನು ಶಟರಿನ ನೂಕಾಟಕ್ಕೆ ಬಿಡದೆ ಹಿತ್ತಿಲಿನಿಂದ ಒಳಗೆ ಕರೆದುಕೊಂಡು ಹೋಗಿ, ಮೊದಲನೇ ಬ್ಯಾಚಿನಲ್ಲಿ ಕೈತೊಳೆಯುವ ಜಾಗದ ಹತ್ತಿರದ ಕುರ್ಚಿಯಲ್ಲಿ ಕೂರಿಸಿದೆ. ಆಮೇಲೆ ಹೊರಗೆ ಬಂದು ಗ್ರಿಲ್ಸಿಗೆ ಬೀಗ ಹಾಕಿದೆ.

ಬೀಗದ ಸದ್ದಿಗೆ ದೊಡ್ಡಮ್ಮ ತಿರುಗಿ ನೋಡಿದರು. "ಬೀಗ ಎಂತಕ್ಕೆ? ಚಿಲಕ ಸಾಕಲ್ಲ?"

"ಚಿಲಕ ತೆಗೆಯಲಿಕ್ಕೆ ಇವರಿಗೆ ಎಷ್ಟು ಹೊತ್ತು ಬೇಕು? ನೀವು ಸುಮ್ಮನೆ ಊಟ ಮಾಡಿ, ದೊಡ್ಡಮ್ಮ."

"ನೀನು ಇಲ್ಲೇ ಇರ್ತೀಯಲ್ಲ?"

"ಇಲ್ಲೇ ಇದ್ದೇನೆ ಮತ್ತೆ!"

ಇದ್ದೆ ಕೂಡ. ಸಾಂಬಾರು ಬರುವವರೆಗೆ. ಅಷ್ಟರಲ್ಲಿ ಮೇಲಿನಿಂದ ಕರೆ ಬಂತು. ಮದುಮಕ್ಕಳ ಜೊತೆ ಸೋದರಮಾವನ ಫೋಟೋ ಆಗಬೇಕಂತೆ, ಫೋಟೋದವನು ಬೊಬ್ಬೆ ಹೊಡೆಯುತ್ತಿದ್ದಾನಂತೆ. ಐದು ನಿಮಿಷದ ಕೆಲಸವಲ್ಲವಾ ಎಂದು ಬೀಗದ ಕೀಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಆ ಫೋಟೋ ಈಗಲೂ ಅಕ್ಕನ ಮನೆಯ ಆಲ್ಬಮ್ಮಿನಲ್ಲಿದೆ. ಹಲ್ಲು ಕಿರಿದು ನಿಂತಿದ್ದೇನೆ, ಕಿಸೆ ಸ್ವಲ್ಪ ಉಬ್ಬಿಕೊಂಡಿದೆ. ಅದನ್ನು ಕಂಡರೆ ಹರಿದು ಹಾಕುವಷ್ಟು ಸಿಟ್ಟು ಬರುತ್ತದೆ.

ಕೆಳಗೆ ಅಡುಗೆ ಕೋಣೆಯಲ್ಲಿ ಹಪ್ಪಳ ಕಾಯಿಸುವ ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿಯಿತು. ದೊಡ್ಡ ಬೆಂಕಿಯೇನೂ ಅಲ್ಲ. ಅಡುಗೆಯವರು ಗ್ಯಾಸ್ ಬಂದ್ ಮಾಡಿ, ಬಾಣಲೆಗೆ ದೊಡ್ಡ ಮುಚ್ಚಳ ಮುಚ್ಚಿ ನಂದಿಸಿಬಿಟ್ಟರು. ಅವರಷ್ಟು ಬುದ್ಧಿ ಅವತ್ತು ಆ ಹಾಲಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಆದರೆ ಕಪ್ಪು ಹೊಗೆ ಊಟದ ಹಾಲಿಗೆ ನುಗ್ಗಿತು. ಯಾರೋ "ಗ್ಯಾಸ್! ಗ್ಯಾಸ್!" ಎಂದು ಕಿರುಚಿದರು. ಉಣ್ಣುತ್ತಿದ್ದ ಮುನ್ನೂರು ಜನ ಒಟ್ಟಿಗೆ ಎದ್ದರು, ಮುನ್ನೂರು ಕುರ್ಚಿಗಳು ಒಟ್ಟಿಗೆ ಸದ್ದು ಮಾಡಿದವು.

ಹೊರಗಿದ್ದವರು ಆ ಸದ್ದು ಕೇಳಿದರು. ಬ್ಯಾಚು ಎದ್ದಿತು ಎಂದುಕೊಂಡು ಒಳಗೆ ನುಗ್ಗಿದರು!

ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಒಳಗಿನವರು ಜೀವ ಉಳಿಸಿಕೊಳ್ಳಲು ಶಟರಿನ ಅಡಿಯಿಂದ ಹೊರಗೆ ನುಸುಳುತ್ತಿದ್ದಾರೆ, ಹೊರಗಿನವರು ಎಲೆ ಹಿಡಿಯಲು ಒಳಗೆ ನುಸುಳುತ್ತಿದ್ದಾರೆ. ಹೊರಗೆ ಶಟರಿನ ಹತ್ತಿರ ಇದ್ದ ನಾಲ್ಕು ಸಾಲಿಗೆ ಸಂಗತಿ ಗೊತ್ತಾಯಿತು, ಹಿಂದಕ್ಕೆ ಸರಿಯಿರಿ ಎಂದು ಗಂಟಲು ಹರಿಯುವಂತೆ ಕೂಗಿದರು. ಹಿಂದಿನವರಿಗೆ ಕೇಳಿದ್ದು ಬರೀ ಗಲಾಟೆ. ಊಟದ ಬಾಗಿಲಲ್ಲಿ ಗಲಾಟೆ ಇಲ್ಲದ ಮದುವೆ ಯಾವುದುಂಟು? ಅವರು ಇನ್ನಷ್ಟು ನೂಕಿದರು. ಶಟರನ್ನು ಪೂರ್ತಿ ಮೇಲಕ್ಕೆತ್ತಲು ಅಲ್ಲಿ ನಿಂತಿದ್ದ ಇಬ್ಬರಿಗೆ ಕೈ ಎತ್ತುವಷ್ಟೂ ಜಾಗ ಸಿಗಲಿಲ್ಲ. ಯಾರೋ ಒಬ್ಬ ಹೆಂಗಸು ಬಿದ್ದ ಚಪ್ಪಲಿ ಹೆಕ್ಕಲು ಬಗ್ಗಿದ್ದಷ್ಟೇ, ಅವಳ ಮೇಲೆ ಮೂವರು ಬಿದ್ದರು.

ಕಿಟಕಿಯಲ್ಲಿ ಹೊಗೆ ಕಂಡು ನಾನು ಮೇಲಿನಿಂದ ಓಡಿ ಬಂದೆ. ಮೆಟ್ಟಿಲ ತುಂಬಾ ಜನ. ಅರ್ಧದಲ್ಲಿ ಒಬ್ಬರು, ಬಿಳಿ ಪಂಚೆ, ಹೆಗಲಿಗೆ ಶಾಲು, ಮರ್ಯಾದಸ್ಥರು, ನನ್ನ ರಟ್ಟೆ ಹಿಡಿದು ಕೇಳಿದರು: "ಫಸ್ಟ್ ಬ್ಯಾಚ್ ಎದ್ದಿತಾ?"

"ಬೆಂಕಿ ಬಿದ್ದಿದೆ ಮಾರಾಯ್ರೇ, ದಾರಿ ಬಿಡಿ!"

"ಹೌದಾ? ಹಾಗಾದರೆ ಊಟ?"

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅದಕ್ಕೂ ಸಮಯವಿರಲಿಲ್ಲ. ಮೆಟ್ಟಿಲಲ್ಲಿ ಇಳಿಯಲಾಗದೆ ಮತ್ತೆ ಮೇಲೆ ಹೋಗಿ, ವೇದಿಕೆಯ ಪಕ್ಕದ ಕೋಣೆಯ ಹಿಂದಿನ ಮೆಟ್ಟಿಲಿನಿಂದ ಹೊರಗೆ ಇಳಿದು, ಕಟ್ಟಡ ಸುತ್ತಿ ಹಿತ್ತಿಲಿಗೆ ಓಡಿದೆ.

ದೊಡ್ಡಮ್ಮ ಮಾಡಿದ್ದೆಲ್ಲ ಸರಿಯಾಗಿತ್ತು. ಇದನ್ನು ನಾನು ಬರೆದೇ ಇಡಬೇಕು. ಹೊಗೆ ಕಂಡ ಕೂಡಲೇ ಅವರು ಎಲ್ಲರ ಹಿಂದೆ ಶಟರಿನ ಕಡೆಗೆ ಓಡಲಿಲ್ಲ. ತಾನು ಬಂದ ಬಾಗಿಲು ಇನ್ನೊಂದು ಕಡೆ ಉಂಟೆಂದು ನೆನಪಿಟ್ಟುಕೊಂಡರು. ನೀರಿನ ಟ್ಯಾಪಿಗೆ ಸೆರಗು ಹಿಡಿದು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡರು. ಕೈಚೀಲ ಬಿಟ್ಟರು, ಕನ್ನಡಕ ಬಿಟ್ಟರು. ಅಕ್ಕಪಕ್ಕದವರಿಗೆ ಕ್ಲಾಸಿನಲ್ಲಿ ಹೇಳಿದ ಹಾಗೆ, "ನೂಕಬೇಡಿ, ಇಲ್ಲೊಂದು ಬಾಗಿಲುಂಟು, ಈ ಕಡೆ ಬನ್ನಿ" ಎಂದು ಕೂಗಿದರು. ಟೀಚರ ಮಾತು ಕೇಳಿ ಐವತ್ತು ಅರುವತ್ತು ಜನ ಬಂದರು. ಸರಿಯಾದ ಬಾಗಿಲಿಗೇ ಬಂದರು. ಬಾಗಿಲಿಗೆ ನನ್ನ ಬೀಗ.

ಎಲ್ಲರಿಗಿಂತ ಮುಂದೆ ದೊಡ್ಡಮ್ಮ, ಹಿಂದಿನಿಂದ ಅರುವತ್ತು ಜನರ ಭಾರ. ಎರಡು ಕೈಯನ್ನೂ ಎದೆಗೆ ಅಡ್ಡ ಕೊಟ್ಟು ಉಸಿರಿಗೆ ಜಾಗ ಮಾಡಿಕೊಂಡು ನಿಂತಿದ್ದರು. ನಾನು ಹೋಗುವಾಗ ಅವರ ಕೆನ್ನೆ ಗ್ರಿಲ್ಸಿಗೆ ಒತ್ತಿಕೊಂಡಿತ್ತು. ನನ್ನನ್ನು ನೋಡಿದರು, ಮಾತಾಡಲು ಉಸಿರಿರಲಿಲ್ಲ. ಆತುರದಲ್ಲಿ ಕೀ ಎರಡು ಸಲ ನೆಲಕ್ಕೆ ಬಿತ್ತು. ಬೀಗ ತೆಗೆದ ಮೇಲೂ ಬಾಗಿಲು ತೆರೆಯಲಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು! ಒಳಗೆ ಇಂಚು ಜಾಗವಿಲ್ಲ. ಹಿಂದಿನವರು ಎರಡು ಹೆಜ್ಜೆ ಸರಿಯುವವರೆಗೆ ನಾನು ಹೊರಗೆ ನಿಂತು ಬಾಯಿ ಬಡಿದುಕೊಂಡೆ. ಕೊನೆಗೆ ತೆರೆದಾಗ ಮೊದಲು ಹೊರಗೆ ಬಿದ್ದವರು ದೊಡ್ಡಮ್ಮ, ಅವರ ಮೇಲಿನಿಂದ ಉಳಿದವರು.

ಬೆಂಕಿ ಯಾರನ್ನೂ ಮುಟ್ಟಲಿಲ್ಲ. ಶಟರಿನ ಹತ್ತಿರ ಬಿದ್ದ ಹೆಂಗಸಿಗೆ ಪಕ್ಕೆಲುಬು ಮುರಿಯಿತು, ದೊಡ್ಡಮ್ಮನಿಗೆ ಸೊಂಟದ ಮೂಳೆ. ಮುಚ್ಚಳ ಹಾಕಿ ಮುಗಿಸಿದ ಬೆಂಕಿಗೆ ಇಷ್ಟು!

ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಹೊರಟೆವು. ಜೊತೆಗೆ ನಾನು, ಅಕ್ಕನ ಗಂಡ. ಕುಂಜತ್ತೂರು ದಾಟುವಾಗ ಭಾವ ಕೇಳಿದರು: "ಅಲ್ಲ, ಆ ಬಾಗಿಲಿಗೆ ಬೀಗ ಹಾಕಿದ್ದು ಯಾವ ಪುಣ್ಯಾತ್ಮ?"

ಆಗಲೇ ಹೇಳಬೇಕಿತ್ತು. "ಹಾಲಿನವರು, ಇನ್ಯಾರು? ಕೀಯನ್ನು ನಾನು ಅವರ ಕೈಯಿಂದ ಕಸಿದು ತಂದದ್ದು. ಅವರಿಗೆ ಜನರ ಜೀವ ಅಂದರೆ ಲೆಕ್ಕ ಉಂಟಾ?" ಎಂದೆ. ದೊಡ್ಡಮ್ಮ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಎಂದುಕೊಂಡೆ.

ಒಮ್ಮೆ ಹೇಳಿದ ಮೇಲೆ ಅದೇ ಸತ್ಯವಾಯಿತು. ಆಸ್ಪತ್ರೆಗೆ ಬಂದ ನೆಂಟರೆಲ್ಲ ಹಾಲಿನವರಿಗೆ ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ನಾನು. ಮೂರನೇ ದಿನ ಹಾಲಿನ ಮೇನೇಜರು ಹಣ್ಣು ಹಿಡಿದುಕೊಂಡು ದೊಡ್ಡಮ್ಮನನ್ನು ನೋಡಲು ಬಂದ. ತೆಳ್ಳಗಿನ ಮನುಷ್ಯ, ಮೆಲ್ಲಗೆ ಮಾತಾಡುವವನು. "ನಾವು ಆ ಬಾಗಿಲಿಗೆ ಬೀಗ ಹಾಕುವ ಕ್ರಮವೇ ಇಲ್ಲ. ಆ ಬೀಗ ನಮ್ಮದಲ್ಲ" ಎಂದ. ನಾನು ವಾರ್ಡೆಲ್ಲ ಕೇಳುವ ಹಾಗೆ ಎಗರಿಬಿದ್ದೆ. "ಹಾಗಾದರೆ ಬೀಗ ಆಕಾಶದಿಂದ ಬಿದ್ದದ್ದಾ? ಒಳಕ್ಕೆ ತೆರೆಯುವ ಬಾಗಿಲು ಇಟ್ಟದ್ದು ಯಾರು? ನಾಚಿಕೆ ಆಗುವುದಿಲ್ಲವಾ?" ಬಾಗಿಲಿನ ಮಾತು ನಿಜವೇ ಆಗಿತ್ತು. ಅದರ ಮರೆಯಲ್ಲಿ ಸುಳ್ಳನ್ನೂ ದಾಟಿಸಿದೆ. ಅವನು ಹಣ್ಣನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಹೋದ. ದೊಡ್ಡಮ್ಮ ನನ್ನ ಮುಖ ನೋಡಿದರು. ಹಾಗೇ ಗೋಡೆಯ ಕಡೆಗೆ ತಿರುಗಿದರು.

ಆಮೇಲೆ ಒಂದು ವರ್ಷ ದೊಡ್ಡಮ್ಮ ಆ ವಿಷಯ ಎತ್ತಲಿಲ್ಲ. ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾರೆ. ಮದುವೆಗೆ ಹೋಗುವುದನ್ನು ಬಿಟ್ಟರು. ಹತ್ತು ಜನ ಸೇರಿದರೆ ಬೆವರುತ್ತಾರೆ. ಕಾಗದ ಕೊಡಲು ಬಂದವರಿಗೆ, "ನನ್ನ ಲೆಕ್ಕದಲ್ಲಿ ಇವನು ಬರ್ತಾನೆ" ಎಂದು ನನ್ನನ್ನು ತೋರಿಸುತ್ತಾರೆ.

ಹಾಗೆ ಅವರ ಲೆಕ್ಕದಲ್ಲಿ ಮೊನ್ನೆ ಅದೇ ಹಾಲಿಗೆ ಹೋದೆ. ಊಟದ ಹಾಲಿನ ಗ್ರಿಲ್ಸ್ ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಮೇಲೆ ಹಸಿರು ಬೋರ್ಡು, ಮೂರು ಭಾಷೆಯಲ್ಲಿ ತುರ್ತು ದಾರಿ ಎಂದು ಬರೆದಿದೆ. ಕೆಳಗೆ ನೋಡುತ್ತೇನೆ, ಬೀಗ! ತಲೆಗೆ ರಕ್ತ ಏರಿತು. ಹಿತ್ತಿಲಿನಲ್ಲಿ ಮದುಮಗಳ ಭಾವ, ನಲ್ವತ್ತರ ಆಸುಪಾಸಿನವನು, ಕೀ ತಿರುಗಿಸುತ್ತಾ ನಿಂತಿದ್ದ.

"ಎಂತ ಇದು? ಬೋರ್ಡು ಓದ್ಲಿಕ್ಕೆ ಬರುದಿಲ್ವಾ ನಿನಗೆ?"

"ಜನ ಹಿಂದಿನಿಂದ ನುಗ್ತಾರೆ ಅಣ್ಣ, ಅದಕ್ಕೆ."

"ಕಳೆದ ವರ್ಷ ಇಲ್ಲಿ ಎಂತ ಆಯಿತು ಅಂತ ಗೊತ್ತುಂಟಾ?"

"ಗೊತ್ತಿಲ್ದೆ ಎಂತ? ಹಾಲಿನವರು ಬೀಗ ಹಾಕಿ ಹೋಗಿದ್ದು. ನಾನು ಹಾಗಲ್ಲ, ಕೀ ಹಿಡ್ಕೊಂಡು ಇಲ್ಲೇ ಇದ್ದೇನೆ."

ಅಷ್ಟು ಹೇಳುವಷ್ಟರಲ್ಲಿ ಮೇಲಿನ ಕಿಟಕಿಯಿಂದ ಯಾರೋ ಕೂಗಿದರು: "ಭಾವ, ಫೋಟೋ! ಬೇಗ ಬನ್ನಿ!" ಅವನು ಕೀಯನ್ನು ಕಿಸೆಗೆ ಹಾಕಿ, "ಐದು ನಿಮಿಷ ಅಣ್ಣ, ಈಗ ಬಂದೆ" ಎಂದು ಹೊರಟ.

ಅವನ ಅಂಗಿ ಹಿಡಿದು ಎಳೆದೆ. ಕಿಸೆ ಹರಿಯಿತು. ಸುತ್ತ ಜನ ಸೇರಿದರು. "ಹಾಲಿನವರಲ್ಲ," ಎಂದು ಕಿರುಚಿದೆ, "ಆ ಬೀಗ ನಂದು! ಕೀ ಕಿಸೆಯಲ್ಲಿ ಹಾಕಿ ಫೋಟೋಕ್ಕೆ ಹೋದವನು ನಾನು!" ಅವನು ಬೆಪ್ಪಾಗಿ ಕೀ ಕೊಟ್ಟ. ಬೀಗ ತೆಗೆದು ನನ್ನ ಚೀಲಕ್ಕೆ ಹಾಕಿ, ಕೊನೆಯ ಬ್ಯಾಚು ಏಳುವವರೆಗೆ ಆ ಬಾಗಿಲಲ್ಲಿ ನಿಂತೆ. ಹುಚ್ಚ ಎಂದರು. ಅನ್ನಲಿ.

ಸಂಜೆ ದೊಡ್ಡಮ್ಮನ ಎದುರು ಆ ಬೀಗ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಎಲ್ಲರ ಎದುರು ಒಪ್ಪಿಕೊಂಡೆ ಎಂದೂ ಹೇಳಿದೆ. ಅವರು ಬೀಗವನ್ನು ಮುಟ್ಟಲೂ ಇಲ್ಲ.

"ಬಾಗಿಲು ತೆರೆಯುವವರೆಗೆ ನಿನ್ನನ್ನು ಕಾದೆ," ಎಂದರು. "ಆಮೇಲೆ ಒಂದು ವರ್ಷ ಕಾದೆ."

ನಾನು ಬೀಗವನ್ನು ಮತ್ತೆ ಚೀಲಕ್ಕೆ ಹಾಕಿದೆ.

"ಆ ಮೇನೇಜರು ಇದ್ದನಾ ಅಲ್ಲಿ?"

"ಇರಲಿಲ್ಲ. ಈಚೆಗೆ ಸಂಜೆ ಮಾತ್ರ ಬರುದಂತೆ."

"ಅವನಿಗೆ ಹೇಳಿದೆಯಾ?"

"ಇಲ್ಲ."

"ಈಗ ಸಂಜೆಯಲ್ವಾ? ಮತ್ತೆ ಇಲ್ಲಿ ಎಂತಕ್ಕೆ ಕೂತದ್ದು?" ಎಂದು ವಾಕರಿನಿಂದ ಬಾಗಿಲು ತೋರಿಸಿದರು.